ಹಗೇವು, ಬೊಜ್ಜು ಮತ್ತು ತೂಕದ ಮಷೀನು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ, ಬೆವರು ಆರುವ ಮೊದಲೇ ಇಲ್ಲಿ ಬಂದು ಕೂತಿದ್ದೀರಿ. ಕಾಫಿ ಆದಮೇಲೆ ನಿಮ್ಮ ಮಾತು ಅಂದಿದ್ದರು. ಕಾಫಿ ಇನ್ನೂ ಬಂದಿಲ್ಲ, ಹಾಗಾಗಿ ನಾನೇ ಶುರು ಮಾಡುತ್ತೇನೆ.

ಮೊದಲೇ ಒಂದು ಮಾತು. ನಾನು ಚೀಟಿ ಬರೆಯುವ ಡಾಕ್ಟರಲ್ಲ. ದೇಹ ಹೇಗೆ ಕೆಲಸ ಮಾಡುತ್ತದೆ ಅಂತ ಕಾಲೇಜು ಹುಡುಗರಿಗೆ ಪಾಠ ಹೇಳಿ ರಿಟೈರ್ ಆದವನು. ಮಾತ್ರೆ ನಿಲ್ಲಿಸಲಾ, ಜಾಸ್ತಿ ಮಾಡಲಾ ಅಂತ ಕೊನೆಗೆ ಕೇಳಬೇಡಿ, ಅದು ನಿಮ್ಮ ಡಾಕ್ಟರ ಕೆಲಸ.

ಇವತ್ತಿನ ಮಾತು ಹುಟ್ಟಿದ್ದು ಕೆರೆ ಏರಿಯ ಮೇಲೆ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಒಬ್ಬ ಮೇಡಂ ನನ್ನ ಜೊತೆ ಹೆಜ್ಜೆ ಹಾಕುತ್ತಾ ಕೇಳಿದರು. "ಸಾರ್, ಆರು ವರ್ಷ ಆಯ್ತು ನಡೀತಾ ಇದೀನಿ. ಮಳೆ ಬಂದ್ರೆ ಕೊಡೆ ಹಿಡ್ಕೊಂಡು ಬಂದಿದೀನಿ. ಶುರು ಮಾಡಿದಾಗ 68 ಕೆ.ಜಿ. ಇದ್ದೆ, ಈಗ 67 ಮುಕ್ಕಾಲು. ಲೆಕ್ಕ ಹಾಕಿದ್ರೆ ವರ್ಷಕ್ಕೆ ನಲವತ್ತು ಗ್ರಾಂ ಚಿಲ್ಲರೆ. ಇಷ್ಟು ದಿನ ಸುಮ್ನೆ ಚಪ್ಪಲಿ ಸವೆಸಿದ್ನಾ?" ಆ ಮೇಡಂ ಈಗ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಲೆಕ್ಕ ಸರಿಯಾಗಿದೆ. ತೂಗಿದ ವಸ್ತು ಮಾತ್ರ ತಪ್ಪು. ಯಾಕೆ ಅಂತ ಹೇಳೋಕೆ ನನಗೆ ಒಂದು ಗಂಟೆ ಬೇಕು.

ನಮ್ಮ ಅಜ್ಜನ ಮನೆಯಿಂದ ಶುರು ಮಾಡೋಣ. ಅಲ್ಲಿ ಅಂಗಳದಲ್ಲಿ ಒಂದು ಹಗೇವು ಇತ್ತು. ಹಿರಿಯರಿಗೆ ಗೊತ್ತು, ಚಿಕ್ಕವರಿಗಾಗಿ ಹೇಳುತ್ತೇನೆ. ನೆಲದೊಳಗೆ ತೋಡಿದ ಗುಂಡಿ ಅದು, ಬಾಯಿ ಕಿರಿದು, ಹೊಟ್ಟೆ ಅಗಲ. ಸುಗ್ಗಿ ಮುಗಿದ ಮೇಲೆ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಡುತ್ತಿದ್ದರು. ವರ್ಷಗಟ್ಟಲೆ ಇಟ್ಟರೂ ಹುಳ ಬೀಳುತ್ತಿರಲಿಲ್ಲ. ತೆಗೆಯುವ ದಿನ ಮಾತ್ರ ಮನೆಯಲ್ಲಿ ಒಂದು ಥರ ಭಯ. ಮಕ್ಕಳನ್ನು ದೂರ ಅಟ್ಟುತ್ತಿದ್ದರು. ಚಪ್ಪಡಿ ಸರಿಸಿ ತುಂಬಾ ಹೊತ್ತು ಹಾಗೇ ಬಿಟ್ಟು, ಆಮೇಲೆ ಅಜ್ಜ ಹಗ್ಗಕ್ಕೆ ಲಾಟೀನು ಕಟ್ಟಿ ನಿಧಾನಕ್ಕೆ ಇಳಿಬಿಡುತ್ತಿದ್ದರು. ನಾವು ಜಗಲಿ ಮೇಲೆ ನಿಂತು ಕತ್ತು ಉದ್ದ ಮಾಡಿ ನೋಡುತ್ತಿದ್ದೆವು. ದೀಪ ಉರಿಯುತ್ತಿದ್ದರೆ ಆಳು ಇಳಿಯಬಹುದು. ದೀಪ ಆರಿತೋ, ಒಳಗೆ ಉಸಿರಾಡೋಕೆ ಗಾಳಿ ಇಲ್ಲ ಅಂತ. ಆವತ್ತು ಯಾರೂ ಇಳಿಯುವ ಹಾಗಿಲ್ಲ.

ಆ ಲಾಟೀನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ನಮ್ಮ ಮೈಯಲ್ಲಿರುವ ಕೊಬ್ಬು ಕೂಡ ಕಣಜವೇ. ತಿಂದದ್ದು ಮಿಕ್ಕಿದರೆ ಒಳಗೆ ಹೋಗುತ್ತದೆ, ಉಪವಾಸದ ದಿನ ಹೊರಗೆ ಬರುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದೊಂದು ಕೊಬ್ಬಿನ ಕೋಶವೂ ಒಂದು ತೊಟ್ಟು ಎಣ್ಣೆ ತುಂಬಿದ ತೆಳ್ಳನೆ ಚೀಲದ ಹಾಗೆ ಕಾಣುತ್ತದೆ. ದಪ್ಪ ಆಗುವುದು ಅಂದರೆ ಹೆಚ್ಚಿನಂಶ ಈ ಚೀಲಗಳು ಊದಿಕೊಳ್ಳುವುದು. ದೊಡ್ಡವರಾದ ಮೇಲೆ ಚೀಲಗಳ ಸಂಖ್ಯೆ ಹೆಚ್ಚೂಕಮ್ಮಿ ಅಷ್ಟೇ ಇರುತ್ತದೆ. ಇದನ್ನು ಸ್ವೀಡನ್ನಿನವರು 2008ರಲ್ಲಿ ಕಂಡುಹಿಡಿದ ರೀತಿ ಮಜವಾಗಿದೆ. ಐವತ್ತು, ಅರವತ್ತರ ದಶಕದಲ್ಲಿ ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬ್ ಸಿಡಿಸುತ್ತಿದ್ದವಲ್ಲ, ಆಗ ಗಾಳಿಗೆ ಸೇರಿದ ಕಾರ್ಬನ್-14, ಅಂದರೆ ವಿಕಿರಣ ಸೂಸುವ ಒಂದು ಜಾತಿಯ ಇಂಗಾಲ, ಗಿಡಕ್ಕೆ ಹೋಗಿ, ಗಿಡದಿಂದ ಊಟಕ್ಕೆ ಬಂದು, ನಮ್ಮ ಕೋಶಗಳ ಡಿಎನ್‌ಎ ಒಳಗೂ ಕೂತಿತ್ತು. ಅದನ್ನು ಅಳೆದು ಕೋಶಗಳ ವಯಸ್ಸು ಹೇಳಿದರು. ವರ್ಷಕ್ಕೆ ಸುಮಾರು ಶೇಕಡ 10 ಕೊಬ್ಬಿನ ಕೋಶಗಳು ಸತ್ತು, ಅಷ್ಟೇ ಹೊಸವು ಹುಟ್ಟುತ್ತವೆ. ಹೊಟ್ಟೆ ಆಪರೇಷನ್ ಮಾಡಿಸಿಕೊಂಡು ತುಂಬಾ ತೂಕ ಇಳಿಸಿಕೊಂಡವರಲ್ಲೂ ಸಂಖ್ಯೆ ಇಳಿಯಲಿಲ್ಲ, ಗಾತ್ರ ಮಾತ್ರ ಇಳಿಯಿತು.

ನಾವು ಓದುವ ಕಾಲಕ್ಕೆ ಕೊಬ್ಬಿನ ಬಗ್ಗೆ ಪಾಠ ಅಂದರೆ ಅರ್ಧ ಪುಟ. ಶಕ್ತಿಯ ಉಗ್ರಾಣ, ಚಳಿಗೆ ಕಂಬಳಿ, ಮುಗೀತು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಅನ್ನುವ ಹಾರ್ಮೋನು ಹುಡುಕಿದ ಮೇಲೆ ಎಲ್ಲ ಬದಲಾಯಿತು. ಕೊಬ್ಬು ರಕ್ತಕ್ಕೆ ಲೆಪ್ಟಿನ್ ಬಿಟ್ಟು, "ಇಲ್ಲಿ ದಾಸ್ತಾನು ಇಷ್ಟಿದೆ" ಅಂತ ಮಿದುಳಿಗೆ ವರದಿ ಕಳಿಸುತ್ತದೆ. ಮುಂದಿನ ವರ್ಷವೇ ಕೊಬ್ಬು ಬಿಡುವ ಇನ್ನೊಂದು ಹಾರ್ಮೋನು, ಅಡಿಪೊನೆಕ್ಟಿನ್, ಸಿಕ್ಕಿತು. ಹೀಗೆ ಹುಡುಕುತ್ತಾ ಹೋದರೆ ಪಟ್ಟಿ ಮುಗಿಯುವುದೇ ಇಲ್ಲ. ಅಂದರೆ ನಮ್ಮ ಕಣಜಕ್ಕೆ ಬಾಯಿ ಉಂಟು, ಅದು ದಿನವಿಡೀ ಲಿವರಿನ ಜೊತೆ, ಸ್ನಾಯುವಿನ ಜೊತೆ, ಮಿದುಳಿನ ಜೊತೆ ಮಾತಾಡುತ್ತಲೇ ಇರುತ್ತದೆ.

ಈಗ ಕೆಡುವುದು ಹೇಗೆ ನೋಡಿ. ಚೀಲ ಊದುತ್ತಾ ಹೋಗುತ್ತದೆ, ಆದರೆ ಅದಕ್ಕೆ ರಕ್ತ ತರುವ ಸಣ್ಣ ನಾಳಗಳು ಅದೇ ವೇಗದಲ್ಲಿ ಬೆಳೆಯುವುದಿಲ್ಲ. ಬಡಾವಣೆ ಬೆಳೆಯಿತು, ನೀರಿನ ಪೈಪು ಹಳೆಯದೇ ಉಳಿಯಿತು ಅಂತಾರಲ್ಲ, ಹಾಗೆ. ಇಲ್ಲಿ ಅಜ್ಜನ ಲಾಟೀನು ಬರುತ್ತದೆ. ರಾಗಿಗೆ ಗಾಳಿ ಇಲ್ಲದಿದ್ದರೆ ಒಳ್ಳೆಯದು, ಅದಕ್ಕೇ ಅದು ಹಗೇವಿನಲ್ಲಿ ಕೆಡುತ್ತಿರಲಿಲ್ಲ. ಕೊಬ್ಬಿನ ಕೋಶ ರಾಗಿ ಕಾಳಲ್ಲ, ಉಸಿರಾಡುವ ಜೀವ. ರಕ್ತ ಸಾಲದ ಕಡೆ ಕೋಶ ಕುಸಿಯುತ್ತದೆ, ಕೆಲವು ಸಾಯುತ್ತವೆ. ಸತ್ತದ್ದನ್ನು ಗುಡಿಸೋಕೆ ಮ್ಯಾಕ್ರೋಫೇಜ್ ಅನ್ನುವ ರಕ್ಷಣಾ ಕೋಶಗಳು ನುಗ್ಗುತ್ತವೆ. ಬಂದವು ಸುಮ್ಮನೆ ಗುಡಿಸಿ ಹೋಗುವುದಿಲ್ಲ, ಅಲ್ಲೇ ಬೀಡುಬಿಟ್ಟು ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ. ಜ್ವರ ಬರುವಷ್ಟು ಉರಿ ಅಲ್ಲ, ಬೂದಿ ಮುಚ್ಚಿದ ಕೆಂಡದ ಹಾಗೆ, ವರ್ಷಗಟ್ಟಲೆ. ಜೊತೆಗೆ ಕೋಶಗಳ ಮಧ್ಯೆ ಕೊಲಾಜನ್ ನಾರು ಗಟ್ಟಿಯಾಗಿ ಕಟ್ಟಿಕೊಂಡು, ಚೀಲ ಇನ್ನಷ್ಟು ಹಿಗ್ಗೋಕೂ ಜಾಗ ಇಲ್ಲದ ಹಾಗೆ ಮಾಡುತ್ತದೆ.

ಕಣಜ ತುಂಬಿತು, ಗೋಡೆ ಗಟ್ಟಿಯಾಯಿತು, ಆದರೆ ಗಾಡಿ ಗಾಡಿ ದವಸ ಬರುತ್ತಲೇ ಇದೆ. ಎಲ್ಲಿ ಸುರಿಯುತ್ತೀರಿ? ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ, ದೇವರ ಮನೆಯಲ್ಲಿ. ದೇಹದಲ್ಲಿ ಅದು ಲಿವರು, ಸ್ನಾಯು, ಮೇದೋಜ್ಜೀರಕ, ಕರುಳಿನ ಸುತ್ತಲಿನ ಜಾಗ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ 'ಫ್ಯಾಟಿ ಲಿವರ್ ಗ್ರೇಡ್ 1' ಅಂತ ಬರೆದಿರುತ್ತಾರಲ್ಲ, ಅದು ಅಡುಗೆಮನೆಗೆ ಸುರಿದ ದವಸ. ರಕ್ತದ ಸಕ್ಕರೆ ಹತೋಟಿಯಲ್ಲಿಡುವ ಹಾರ್ಮೋನು ಇನ್ಸುಲಿನ್. ಎಣ್ಣೆ ತುಂಬಿದ ಲಿವರಿಗೂ ಸ್ನಾಯುವಿಗೂ ಅದು ಹೇಳಿದ ಮಾತು ಕೇಳಿಸುವುದಿಲ್ಲ. ಶುಗರ್ ಏರುತ್ತದೆ.

ಕೆಲವರಿಗೆ ಹುಟ್ಟಿನಿಂದಲೇ ಮೈಯಲ್ಲಿ ಕೊಬ್ಬಿನ ಅಂಗಾಂಶವೇ ಇರುವುದಿಲ್ಲ. ಲೈಪೊಡಿಸ್ಟ್ರೊಫಿ ಅಂತಾರೆ, ಬಹಳ ಅಪರೂಪದ ಕಾಯಿಲೆ. ಬೊಜ್ಜೇ ಶತ್ರು ಅನ್ನುವುದಾದರೆ ಅವರು ಲೋಕದಲ್ಲೇ ಆರೋಗ್ಯವಂತರಾಗಿರಬೇಕಿತ್ತು. ಆದರೆ ಅವರಿಗೆ ಬರುವ ಸಕ್ಕರೆ ಕಾಯಿಲೆ ಭಯಂಕರ, ಲಿವರ್ ತುಂಬಾ ಕೊಬ್ಬು. ಕಣಜವೇ ಇಲ್ಲದ ಮನೆ, ದವಸ ಎಲ್ಲೆಂದರಲ್ಲಿ.

ಇದಕ್ಕೆ ಎದುರಿನ ಪ್ರಯೋಗ ಒಂದಿದೆ. 2004ರಲ್ಲಿ ಅಮೆರಿಕದಲ್ಲಿ 15 ಜನ ದಪ್ಪಗಿನ ಹೆಂಗಸರಿಗೆ ಹೊಟ್ಟೆಯ ಚರ್ಮದಡಿಯ ಕೊಬ್ಬನ್ನು ಲೈಪೊಸಕ್ಷನ್ ಮಾಡಿ, ಅಂದರೆ ನಳಿಕೆಯಿಂದ ಹೀರಿ, ತೆಗೆದರು. ಸ್ವಲ್ಪ ಅಲ್ಲ, ಒಬ್ಬೊಬ್ಬರಿಂದ ಸುಮಾರು 9ರಿಂದ 10 ಕೆ.ಜಿ. ಹತ್ತು ಹನ್ನೆರಡು ವಾರ ಬಿಟ್ಟು ಪರೀಕ್ಷೆ ಮಾಡಿದರೆ ಇನ್ಸುಲಿನ್ ಕೆಲಸ ಮಾಡುವ ರೀತಿಯಲ್ಲಿ ಬದಲಾವಣೆ ಇಲ್ಲ, ಬಿ.ಪಿ.ಯಲ್ಲಿ ಇಲ್ಲ, ಕೊಲೆಸ್ಟ್ರಾಲಿನಲ್ಲಿ ಇಲ್ಲ. ತೂಕದ ಮಷೀನನ್ನು ಕೇಳಿದ್ದರೆ ಚಪ್ಪಾಳೆ ತಟ್ಟುತ್ತಿತ್ತು. ರಕ್ತಕ್ಕೆ ಮಾತ್ರ ಏನಾದರೂ ಆಗಿದ್ದು ಗೊತ್ತೇ ಆಗಲಿಲ್ಲ.

ನಮ್ಮವರ ಕತೆ ಇನ್ನೊಂದು ಥರ. 2004ರಲ್ಲೇ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳ ಫೋಟೋ ಅಕ್ಕಪಕ್ಕ ಬಂತು. ಒಬ್ಬರು ಪುಣೆಯ ಡಾ. ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಡಾ. ಯುಡ್‌ಕಿನ್. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ಹೇಳುವ ಅಳತೆ, ಒಂದೇ, 22.3. ನೋಡೋಕೂ ಇಬ್ಬರೂ ತೆಳ್ಳಗೆ. ಕೊಬ್ಬು ಅಳೆದರೆ ಯುಡ್‌ಕಿನ್ ಮೈಯಲ್ಲಿ ಶೇಕಡ 9.1, ಯಾಜ್ಞಿಕ್ ಮೈಯಲ್ಲಿ ಶೇಕಡ 21.2. ನಮ್ಮ ಕಡೆ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ ಅಂತ ತಮಾಷೆ ಮಾಡುತ್ತೇವಲ್ಲ, ಅದರ ಹಿಂದೆ ಇರುವುದು ಇದೇ. ಸ್ನಾಯು ಕಮ್ಮಿ, ಚರ್ಮದಡಿಯ ಕಣಜ ಚಿಕ್ಕದು, ಬೇಗ ತುಂಬುತ್ತದೆ, ಒಳಹೊಟ್ಟೆಗೆ ಚೆಲ್ಲುತ್ತದೆ. ಅದಕ್ಕೇ ಭಾರತೀಯರಿಗೆ ಬಿಎಂಐ 25 ಅಲ್ಲ, 23 ದಾಟಿದರೇ ಎಚ್ಚರ ಅನ್ನುವುದು. 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ ಕೊಟ್ಟ ಲೆಕ್ಕ, ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ, ಬರುವ ಅಂಚಿನಲ್ಲಿರುವವರು 13.6 ಕೋಟಿ. ಇವರೆಲ್ಲ ಕಣ್ಣಿಗೆ ಕಾಣುವ ದಪ್ಪಗಿನವರಲ್ಲ.

ಕಾಫಿ ಬಂತು. ಕುಡಿಯುತ್ತಾ ಕೇಳಿ. ಸಕ್ಕರೆ ಬೇಡದವರಿಗೆ ಬೇರೆ ಫ್ಲಾಸ್ಕ್ ಇದೆಯಂತೆ.

ಈಗ ಮೇಡಂ ಪ್ರಶ್ನೆಗೆ ಬರೋಣ. ತೂಕ ಇಳಿಯದೆ ನಡೆದರೆ ಒಳಗೆ ಏನಾದರೂ ಆಗುತ್ತದಾ? ಇದನ್ನೇ ಕೇಳಿಕೊಂಡವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಜೆಫ್ರಿ ಹೊರೊವಿಟ್ಜ್. ಅವರ ತಂಡ 2024ರಲ್ಲಿ ಪ್ರಕಟಿಸಿದ ಕೆಲಸ ನನಗೆ ತುಂಬಾ ಇಷ್ಟ, ಯಾಕೆಂದರೆ ಅದರ ಯೋಜನೆ ಸರಳ. ಎರಡು ಗುಂಪು, ಒಂದೊಂದರಲ್ಲಿ 16 ಜನ. ಎಲ್ಲರೂ ದಪ್ಪಗಿನವರೇ. ಮೈಯಲ್ಲಿರುವ ಕೊಬ್ಬಿನ ಪ್ರಮಾಣ ಎರಡೂ ಗುಂಪಿನಲ್ಲಿ ಒಂದೇ ಇರುವ ಹಾಗೆ ಹೊಂದಿಸಿ ಆರಿಸಿದ್ದರು. ವ್ಯತ್ಯಾಸ ಒಂದೇ. ಮೊದಲ ಗುಂಪಿನವರು ವಾರಕ್ಕೆ ಕನಿಷ್ಠ ನಾಲ್ಕು ದಿನ, ಎರಡು ವರ್ಷಕ್ಕಿಂತ ಜಾಸ್ತಿ ಕಾಲ, ಸರಾಸರಿ ತೆಗೆದರೆ 11 ವರ್ಷ, ಬಿಡದೆ ವ್ಯಾಯಾಮ ಮಾಡಿದವರು. ಎರಡನೆಯ ಗುಂಪಿನವರು ಮಾಡದವರು. ಇಬ್ಬರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿದರೆ ಗುರುತು ಸಿಗುವುದಿಲ್ಲ.

ಆಮೇಲೆ ಹೊಟ್ಟೆಯ ಚರ್ಮದಡಿಯಿಂದ ಒಂದು ಚೂರು ಕೊಬ್ಬು ತೆಗೆದು ನೋಡಿದರು. ವ್ಯಾಯಾಮ ಮಾಡಿದವರ ಕೊಬ್ಬಿನಲ್ಲಿ ಸಣ್ಣ ರಕ್ತನಾಳಗಳು ಜಾಸ್ತಿ. ಗಟ್ಟಿ ಕಟ್ಟುವ ಒಂದು ಜಾತಿಯ ಕೊಲಾಜನ್ ಕಮ್ಮಿ. ಬೀಡುಬಿಟ್ಟ ಮ್ಯಾಕ್ರೋಫೇಜ್‌ಗಳು ಕಮ್ಮಿ. ಅಂದರೆ ಲಾಟೀನು ಇಳಿಬಿಟ್ಟರೆ ಇವರ ಹಗೇವಿನಲ್ಲಿ ದೀಪ ಉರಿಯುತ್ತದೆ! ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಚೂರಿನಿಂದ ಲ್ಯಾಬಿನಲ್ಲಿ ಕೊಬ್ಬಿನ ಕೋಶ ಬೆಳೆಸಿದರು. ವ್ಯಾಯಾಮ ಮಾಡಿದವರ ಕೋಶಗಳು ಎಣ್ಣೆಯನ್ನು ಜಾಸ್ತಿ ಹಿಡಿದಿಟ್ಟುಕೊಂಡವು.

ಇದನ್ನು ಹೇಳಿದರೆ ನನ್ನ ತಮ್ಮ ನಕ್ಕುಬಿಟ್ಟ. "ಏನಣ್ಣ ಇದು, ವ್ಯಾಯಾಮ ಮಾಡಿದ್ರೆ ಕೊಬ್ಬು ಇನ್ನೂ ಜಾಸ್ತಿ ಹಿಡಿಯತ್ತಾ? ಹಾಗಿದ್ರೆ ಮಲಗೋದೇ ವಾಸಿ!" ಅಲ್ಲ ಕಣೋ, ಮಿಕ್ಕಿದ ದವಸ ಕಣಜದಲ್ಲೇ ಉಳಿಯಿತು, ಲಿವರಿಗೆ ಚೆಲ್ಲಲಿಲ್ಲ ಅಂತ ಅರ್ಥ. ನಾಳೆ ಹಬ್ಬದೂಟ ಮಾಡಿ ನಾಲ್ಕು ಒಬ್ಬಟ್ಟು ಜಾಸ್ತಿ ತಿಂದರೂ ಅದಕ್ಕೆ ಸರಿಯಾದ ಜಾಗ ಇದೆ. ಜಪಾನಿನ ಸುಮೋ ಕುಸ್ತಿಯವರನ್ನು ನೋಡಿ. ಆ ದೈತ್ಯ ಹೊಟ್ಟೆಯ ಹೆಚ್ಚಿನ ಪಾಲು ಚರ್ಮದಡಿಯ ಕೊಬ್ಬು. ಬೆಳಿಗ್ಗೆ ಎದ್ದರೆ ಸಾಮು, ಅದಕ್ಕೇ ಅಷ್ಟು ತಿಂದರೂ ಒಳಹೊಟ್ಟೆ ಹಗುರ. ಅಖಾಡ ಬಿಟ್ಟು ಊಟ ಬಿಡದಿದ್ದರೆ ಆಗ ಶುರು ತೊಂದರೆ. ನಮ್ಮ ಗರಡಿಮನೆಯ ಹಳೇ ಪೈಲ್ವಾನರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ನಿಮ್ಮಲ್ಲಿ ಯಾರೋ ಕೇಳಬಹುದು, ಆ 16 ಜನ ಮೊದಲಿಂದಲೂ ಹಾಗೇ ಇದ್ದಿರಬಹುದಲ್ವಾ ಅಂತ. ಸರಿಯಾದ ಅನುಮಾನ. ಇದೇ ತಂಡ ಅದಕ್ಕೆ ಮೊದಲು, 2022ರಲ್ಲಿ, ಇನ್ನೊಂದು ಕೆಲಸ ಪ್ರಕಟಿಸಿತ್ತು. ದಪ್ಪಗಿದ್ದು ವ್ಯಾಯಾಮವೇ ಮಾಡದವರಿಗೆ 12 ವಾರ ತರಬೇತಿ ಕೊಟ್ಟು, ಬೇಕಂತಲೇ ತೂಕ ಇಳಿಯದ ಹಾಗೆ ಊಟ ನೋಡಿಕೊಂಡರು. ಕೆಲವರಿಗೆ ಮಧ್ಯಮ ವೇಗದ ವ್ಯಾಯಾಮ, ಕೆಲವರಿಗೆ ಜೋರಾಗಿ ಓಡಿ ನಿಂತು ಮತ್ತೆ ಓಡುವಂಥದ್ದು. ಎರಡರಲ್ಲೂ ಕೊಬ್ಬಿನ ಕೋಶಗಳು ಕೊಂಚ ಚಿಕ್ಕದಾದವು, ನಾರಿನ ಜಾಲ ಬದಲಾಯಿತು, ರಕ್ತನಾಳ ಬೆಳೆಸುವ ಸೂಚನೆಗಳು ಹೆಚ್ಚಾದವು. ಮೂರೇ ತಿಂಗಳು, ಒಂದು ಕೆ.ಜಿ.ಯೂ ಇಳಿಯದೆ.

ಇಲಿಗಳ ಮೇಲೆ ಮಾಡಿದ ಪ್ರಯೋಗ ಇನ್ನೂ ವಿಚಿತ್ರ. ಬೋಸ್ಟನ್ನಿನ ಜೋಸ್ಲಿನ್ ಡಯಾಬಿಟಿಸ್ ಸೆಂಟರಿನಲ್ಲಿ ಲಾರಿ ಗುಡ್‌ಇಯರ್ ಮತ್ತು ಕ್ರಿಸ್ಟಿನ್ ಸ್ಟ್ಯಾನ್‌ಫರ್ಡ್ ಅನ್ನುವವರು ಮಾಡಿದ್ದು, 2015ರಲ್ಲಿ ಪ್ರಕಟವಾಯಿತು. ಒಂದಷ್ಟು ಇಲಿಗಳ ಗೂಡಿನಲ್ಲಿ ತಿರುಗುವ ಚಕ್ರ ಇಟ್ಟರು. ಇಲಿಗೆ ಚಕ್ರ ಸಿಕ್ಕರೆ ಯಾರೂ ಹೇಳುವುದು ಬೇಡ, ರಾತ್ರಿಯೆಲ್ಲ ತಾನೇ ಓಡುತ್ತದೆ. 11 ದಿನ ಓಡಿದ ಮೇಲೆ ಅವುಗಳ ಚರ್ಮದಡಿಯ ಕೊಬ್ಬನ್ನು ತೆಗೆದು, ಓಡದೆ ಸುಮ್ಮನೆ ಕೂತಿದ್ದ ಇಲಿಗಳ ಹೊಟ್ಟೆಯೊಳಗೆ ಕಸಿ ಮಾಡಿದರು. ಯೋಚನೆ ಮಾಡಿ, ಸೋಮಾರಿ ಇಲಿಗೆ ಇನ್ನಷ್ಟು ಕೊಬ್ಬು ಸೇರಿಸಿದರು. ಒಂಬತ್ತು ದಿನ ಬಿಟ್ಟು ನೋಡಿದರೆ ಸೋಮಾರಿ ಇಲಿಯ ರಕ್ತದ ಗ್ಲೂಕೋಸ್ ನಿಭಾಯಿಸುವ ಶಕ್ತಿ ಸುಧಾರಿಸಿತ್ತು! ಓಡಿದ್ದು ಒಂದು, ಲಾಭ ಇನ್ನೊಂದಕ್ಕೆ. ಓಡದ ಇಲಿಯ ಕೊಬ್ಬು ಕಸಿ ಮಾಡಿದಾಗ ಹಾಗಾಗಲಿಲ್ಲ.

ಅಂದರೆ ಓಡಿದ ಕೊಬ್ಬು ಬೇರೆ ಭಾಷೆ ಮಾತಾಡೋಕೆ ಶುರು ಮಾಡಿದೆ. ಏನು ಮಾತಾಡುತ್ತದೆ ಅಂತ ಹುಡುಕುತ್ತಾ ಹೋದ ಅದೇ ಲ್ಯಾಬಿನವರಿಗೆ 2019ರಲ್ಲಿ ಟಿಜಿಎಫ್-ಬೀಟಾ-2 ಅನ್ನುವ ಪ್ರೋಟೀನು ಸಿಕ್ಕಿತು. ವ್ಯಾಯಾಮ ಮಾಡುವಾಗ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಹುಟ್ಟುತ್ತದಲ್ಲ, ಕಾಲು ಹಿಡಿದುಕೊಂಡಾಗ ಎಲ್ಲರೂ ಬೈಯುವ ಅದೇ ಲ್ಯಾಕ್ಟೇಟ್, ಅದು ರಕ್ತದಲ್ಲಿ ಹರಿದು ಬಂದು ಕೊಬ್ಬಿಗೆ ಈ ಪ್ರೋಟೀನು ಬಿಡು ಅಂತ ಹೇಳುತ್ತದಂತೆ. ಸ್ನಾಯು ಕೊಬ್ಬಿಗೆ ಹೇಳಿತು, ಕೊಬ್ಬು ಮತ್ತೆ ಸ್ನಾಯುವಿಗೆ ಹೇಳಿತು. ಓರಗಿತ್ತಿಯರ ಮಾತಿನ ಹಾಗೆ ಸುತ್ತಿ ಸುತ್ತಿ ಬರುತ್ತದೆ. ಒಂದು ಎಚ್ಚರ, ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲಿ ಆಗುವುದಿಲ್ಲ. ವ್ಯಾಯಾಮದಿಂದ ಬಿಳಿ ಕೊಬ್ಬು ಕಂದು ಕೊಬ್ಬಾಗಿ ಶಾಖ ಕೊಡುತ್ತಾ ತಾನೇ ಉರಿದುಹೋಗುತ್ತದೆ ಅಂತ 2012ರ ಸುಮಾರಿಗೆ ದೊಡ್ಡ ಗದ್ದಲ ಆಗಿತ್ತು. ಇಲಿಯಲ್ಲಿ ಚೆನ್ನಾಗಿ ಕಾಣುತ್ತದೆ, ಮನುಷ್ಯರಲ್ಲಿ ಅಷ್ಟು ಕಾಣಲಿಲ್ಲ. ಕಂದು ಕೊಬ್ಬು ಹೆಚ್ಚಿಸುವ ಮಾತ್ರೆ ಅಂತ ಯಾರಾದರೂ ಮಾರೋಕೆ ಬಂದರೆ ಕಾಫಿ ಕೊಟ್ಟು ಕಳಿಸಿ.

ಒಳಹೊಟ್ಟೆಯ ಕೊಬ್ಬಿನ ಬಗ್ಗೆ ಮನುಷ್ಯರ ಮೇಲೇ ಮಾಡಿದ ಒಂದು ಅಚ್ಚುಕಟ್ಟಾದ ಪ್ರಯೋಗ ಇದೆ. ಕೋಪನ್‌ಹೇಗನ್ನಿನ ಬೆಂಟೆ ಪೆಡರ್ಸನ್ ಬಹಳ ವರ್ಷಗಳಿಂದ ಹೇಳುತ್ತಾ ಬಂದದ್ದು, ಕೆಲಸ ಮಾಡುವ ಸ್ನಾಯು ತಾನೇ ಒಂದು ಗ್ರಂಥಿ, ಇಂಟರ್‌ಲ್ಯೂಕಿನ್-6ನಂಥ ವಸ್ತುಗಳನ್ನು ರಕ್ತಕ್ಕೆ ಬಿಡುತ್ತದೆ ಅಂತ. ಅವರ ಬಳಗ ಹೊಟ್ಟೆ ಬಂದವರಿಗೆ 12 ವಾರ ಸೈಕಲ್ ತುಳಿಸಿತು. ಒಳಹೊಟ್ಟೆಯ ಕೊಬ್ಬು ಸುಮಾರು ಶೇಕಡ 8 ಇಳಿಯಿತು. ಇನ್ನೊಂದು ಗುಂಪಿಗೂ ಅಷ್ಟೇ ಸೈಕಲ್, ಆದರೆ ಇಂಟರ್‌ಲ್ಯೂಕಿನ್-6 ಕೆಲಸ ಮಾಡದ ಹಾಗೆ ತಡೆಯುವ ಔಷಧಿ ಕೊಟ್ಟರು, ಸಂಧಿವಾತಕ್ಕೆ ಕೊಡುವ ಟೊಸಿಲಿಜುಮ್ಯಾಬ್. ಅವರು ಅಷ್ಟೇ ತುಳಿದರು, ಅಷ್ಟೇ ಬೆವರಿದರು. ಒಳಹೊಟ್ಟೆಯ ಕೊಬ್ಬು ಇಳಿಯಲೇ ಇಲ್ಲ. ಹಾಗಾಗಿ, ಇಷ್ಟು ನಡೆದರೆ ಇಷ್ಟು ಕ್ಯಾಲೊರಿ, ಇಷ್ಟು ಕ್ಯಾಲೊರಿಗೆ ಇಷ್ಟು ಕೊಬ್ಬು ಅನ್ನುವ ಅಂಗಡಿ ಲೆಕ್ಕ ಒಂದರಿಂದಲೇ ಒಳಗಿನ ಕತೆ ಅರ್ಥವಾಗುವುದಿಲ್ಲ. ಸ್ನಾಯು ಕಳಿಸಿದ ಸಂದೇಶ ತಲುಪಬೇಕು.

ಸ್ನಾಯುವಿನ ವಿಷಯ ಬಂತು, ಬೇಗ ಹೇಳಿ ಮುಗಿಸುತ್ತೇನೆ. ರಕ್ತದ ಗ್ಲೂಕೋಸ್ ಸ್ನಾಯುವಿನೊಳಗೆ ಹೋಗಬೇಕಾದರೆ ಗ್ಲೂಟ್-4 ಅನ್ನುವ ಬಾಗಿಲು ಬೇಕು. ಸಾಧಾರಣವಾಗಿ ಇನ್ಸುಲಿನ್ ಬಂದು ಕರೆದರೆ ಮಾತ್ರ ಈ ಬಾಗಿಲು ಒಳಗಿನಿಂದ ಮೇಲ್ಮೈಗೆ ಬರುತ್ತದೆ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಕರೆಯದೆಯೂ ಬರುತ್ತದೆ. ಹಿತ್ತಿಲ ಬಾಗಿಲು ತೆರೆದ ಹಾಗೆ. ವ್ಯಾಯಾಮ ನಿಲ್ಲಿಸಿದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್ ಮಾತನ್ನು ಚೆನ್ನಾಗಿ ಕೇಳುತ್ತದೆ. ಅದಕ್ಕೇ ಒಟ್ಟಿಗೆ ಎರಡು ದಿನಕ್ಕಿಂತ ಜಾಸ್ತಿ ತಪ್ಪಿಸಬೇಡಿ ಅನ್ನುವುದು. ವಾರವೆಲ್ಲ ಮಲಗಿ ಭಾನುವಾರ ಚಾಮುಂಡಿ ಬೆಟ್ಟ ಹತ್ತುವವರು ಇಲ್ಲಿ ಇದ್ದೀರಿ, ನನಗೆ ಗೊತ್ತು. ಬೆಟ್ಟ ಬಿಡಬೇಡಿ, ಮಧ್ಯೆ ಇನ್ನೆರಡು ದಿನ ಸೇರಿಸಿ.

ನನಗೆ ಪ್ರಿಯವಾದ ಪುರಾವೆ ಲ್ಯಾಬಿನಿಂದ ಬಂದದ್ದಲ್ಲ, ಬಸ್ಸಿನಿಂದ ಬಂದದ್ದು. ಜೆರೆಮಿ ಮೋರಿಸ್ ಅಂತ ಲಂಡನ್ನಿನ ವೈದ್ಯರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಹೃದಯಾಘಾತ ಯಾಕೆ ಹೆಚ್ಚುತ್ತಿದೆ ಅಂತ ತಲೆ ಕೆಡಿಸಿಕೊಂಡಿದ್ದರು. ಅವರ ಕಣ್ಣು ಬಿದ್ದದ್ದು ಡಬಲ್ ಡೆಕ್ಕರ್ ಬಸ್ಸುಗಳ ಮೇಲೆ. ನಮ್ಮ ಬೆಂಗಳೂರಿನಲ್ಲೂ ಒಂದು ಕಾಲಕ್ಕೆ ಓಡುತ್ತಿದ್ದವಲ್ಲ, ಅಂಥವು. ಡ್ರೈವರ್ ಮತ್ತು ಕಂಡಕ್ಟರ್ ಇಬ್ಬರದೂ ಒಂದೇ ಥರದ ಮನೆತನ, ಹೆಚ್ಚೂಕಮ್ಮಿ ಒಂದೇ ಸಂಬಳ, ಅದೇ ಬಸ್ಸು. ಆದರೆ ಡ್ರೈವರ್ ದಿನವಿಡೀ ಕೂತೇ ಇರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡೋಕೆ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಾನೆ. 1953ರಲ್ಲಿ ಲೆಕ್ಕ ಪ್ರಕಟಿಸಿದರು. ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಮ್ಮಿ, ಬಂದರೂ ತಡವಾಗಿ, ಅಷ್ಟು ಜೋರಿಲ್ಲದೆ.

ಜನ ಬಿಡುತ್ತಾರಾ? ಡ್ರೈವರುಗಳು ಮೊದಲೇ ದಪ್ಪ ಇರಬಹುದಲ್ಲ ಅಂದರು. ಮೋರಿಸ್ ಏನು ಮಾಡಿದರು ಗೊತ್ತಾ? ಸಾರಿಗೆ ಸಂಸ್ಥೆಯವರು ಹೊಲಿಸಿ ಕೊಡುತ್ತಿದ್ದ ಯೂನಿಫಾರ್ಮಿನ ಪ್ಯಾಂಟಿನ ಅಳತೆಗಳನ್ನು ತರಿಸಿಕೊಂಡರು. ಟೈಲರ್ ಪುಸ್ತಕದಿಂದ ಸಂಶೋಧನೆ! ಡ್ರೈವರುಗಳ ಸೊಂಟ ನಿಜಕ್ಕೂ ದೊಡ್ಡದಿತ್ತು, 1956ರಲ್ಲಿ ಅದನ್ನೂ ಪ್ರಕಟಿಸಿದರು. ಆದರೆ ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆ ಇದೆ. ತೆಳ್ಳಗಿನ ಡ್ರೈವರನ್ನು ತೆಳ್ಳಗಿನ ಕಂಡಕ್ಟರ್ ಜೊತೆ, ಹೊಟ್ಟೆ ಬಂದ ಡ್ರೈವರನ್ನು ಹೊಟ್ಟೆ ಬಂದ ಕಂಡಕ್ಟರ್ ಜೊತೆ ಹೋಲಿಸಿದರೂ ಕಂಡಕ್ಟರೇ ವಾಸಿ. ಹೊಟ್ಟೆ ಇದ್ದರೂ ಮೆಟ್ಟಿಲು ಕಾಪಾಡಿತ್ತು. ಮೋರಿಸ್ ತಾನೂ ಕೊನೆಯವರೆಗೂ ವ್ಯಾಯಾಮ ಬಿಡಲಿಲ್ಲ, 2009ರಲ್ಲಿ ತೀರಿಕೊಂಡಾಗ 99 ವರ್ಷ.

ನಮ್ಮ ಪಕ್ಕದ ಚೆನ್ನೈನದೂ ಒಂದು ಹೇಳಿಬಿಡುತ್ತೇನೆ. ಡಾ. ರಾಮಚಂದ್ರನ್ ತಂಡ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಕೊಟ್ಟಿತು. ಬರೀ ಸಾಮಾನ್ಯ ಸಲಹೆ ಪಡೆದವರಲ್ಲಿ ಶೇಕಡ 55 ಜನಕ್ಕೆ ಕಾಯಿಲೆ ಬಂತು. ದಿನಾ ಅರ್ಧ ಗಂಟೆ ಚುರುಕಾಗಿ ನಡೆದು, ಊಟ ಸರಿಮಾಡಿಕೊಂಡವರಲ್ಲಿ ಶೇಕಡ 39. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡವರಲ್ಲೂ ಹೆಚ್ಚೂಕಮ್ಮಿ ಅಷ್ಟೇ. ಮೇಡಂ, ಇದನ್ನು ಕೇಳಿಸಿಕೊಳ್ಳಿ. ಆ ನಡೆದವರ ತೂಕ ಅಷ್ಟೇನೂ ಇಳಿದಿರಲಿಲ್ಲ.

ತೂಕ ಇಳಿಸುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಮೈಯಲ್ಲಿ ಕೊಬ್ಬು ತುಂಬಾ ಇದ್ದವರಿಗೆ ಅದು ಇಳಿದರೆ ಒಳ್ಳೆಯದೇ, ಮಂಡಿಗೂ ನೆಮ್ಮದಿ. ಆದರೆ ಇಳಿಸೋಕೆ ವ್ಯಾಯಾಮ ಒಂದೇ ಸಾಲದು, ತಟ್ಟೆಯನ್ನೂ ನೋಡಬೇಕು. ಅಮೆರಿಕದ ದೊಡ್ಡ ಅಧ್ಯಯನದಲ್ಲಿ, 2002ರದ್ದು, ವಾರಕ್ಕೆ 150 ನಿಮಿಷ ವ್ಯಾಯಾಮದ ಜೊತೆ ಶೇಕಡ 7 ತೂಕ ಇಳಿಸುವ ಗುರಿ ಇಟ್ಟಾಗ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇಕಡ 58 ಕಮ್ಮಿಯಾಯಿತು. ಎರಡೂ ಆದರೆ ಭೇಷ್. ಒಂದು ಆಗಲಿಲ್ಲ ಅಂತ ಇನ್ನೊಂದನ್ನು ಬಿಡುವುದು ದಡ್ಡತನ. ನಾನೇ ಒಮ್ಮೆ ಹಾಗೆ ಬಿಟ್ಟಿದ್ದೆ. ಐವತ್ತನಾಲ್ಕನೇ ವಯಸ್ಸಿನಲ್ಲಿ ಒಂದು ಜಿಮ್ಮಿಗೆ ವರ್ಷದ ಹಣ ಕಟ್ಟಿದ್ದೆ, ಅವರು ಪ್ರತಿ ವಾರ ತೂಕ ನೋಡಿ ಗೋಡೆಯ ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಾಲ್ಕು ವಾರ ನನ್ನ ಹೆಸರಿನ ಮುಂದೆ ಸೊನ್ನೆ. ಪಾಠ ಹೇಳುವ ಮೇಷ್ಟ್ರಿಗೆ ಅವಮಾನ ಅನಿಸಿ ಹೋಗುವುದನ್ನೇ ನಿಲ್ಲಿಸಿದೆ. ಬೆಲ್ಟ್ ಒಂದು ತೂತು ಒಳಗೆ ಹೋಗಿತ್ತು ಅನ್ನುವುದು ಮನೆಯವಳು ಹೇಳಿದ ಮೇಲೆ ಗೊತ್ತಾಯಿತು.

ಈಗ ಪ್ರಶ್ನೆಗಳು. ಚೀಟಿಯಲ್ಲಿ ಬಂದವನ್ನು ಓದುತ್ತೇನೆ.

"ಬೆವರು ಜಾಸ್ತಿ ಬಂದರೆ ಕೊಬ್ಬು ಜಾಸ್ತಿ ಕರಗುತ್ತದಾ?" ಇಲ್ಲ. ಬೆವರು ನೀರು. ಎರಡು ಲೋಟ ಕುಡಿದರೆ ವಾಪಸ್. ಕೊಬ್ಬು ಮೈಯಿಂದ ಹೊರಗೆ ಹೋಗುವ ದಾರಿ ಮೂಗು, ಬಾಯಿ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಲೆಕ್ಕ ಹಾಕಿ ತೋರಿಸಿದರು, 10 ಕೆ.ಜಿ. ಕೊಬ್ಬು ಪೂರ್ತಿ ಉರಿದರೆ 8.4 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ, ಉಳಿದ 1.6 ಕೆ.ಜಿ. ನೀರು. ಹಾಗಂತ ಕೂತಲ್ಲೇ ಜೋರಾಗಿ ಉಸಿರು ಬಿಟ್ಟರೆ ತಲೆ ತಿರುಗುತ್ತದೆ ಅಷ್ಟೇ.

"ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗಬೇಕಲ್ಲ?" 1971ರಲ್ಲಿ ಟೆನಿಸ್ ಆಟಗಾರರ ಎರಡೂ ತೋಳು ಅಳೆದು ನೋಡಿದರು. ಆಡುವ ಕೈಯಲ್ಲಿ ಸ್ನಾಯು ದಪ್ಪ, ಆದರೆ ಚರ್ಮದಡಿಯ ಕೊಬ್ಬು ಎರಡೂ ಕೈಯಲ್ಲಿ ಒಂದೇ. ಕೊಬ್ಬನ್ನು ಎಲ್ಲಿಂದ ತೆಗೆಯಬೇಕು ಅನ್ನುವುದು ದೇಹದ ಇಷ್ಟ. ಸೊಂಟಕ್ಕೆ ಕಟ್ಟಿ ಗಡಗಡ ಅನ್ನಿಸುವ ಬೆಲ್ಟ್ ಬಗ್ಗೆ ಯಾರೋ ಕೇಳಿದ್ದಾರೆ. ಮೇಲಿನದೇ ಉತ್ತರ.

"ಬರೀ ನಡಿಗೆ ಸಾಕಾ, ಭಾರ ಎತ್ತಬೇಕಾ?" ನಮ್ಮವರಿಗೆ ಸ್ನಾಯು ಮೊದಲೇ ಕಮ್ಮಿ ಅಂದೆನಲ್ಲ. ವಾರಕ್ಕೆ ಎರಡು ದಿನ ಸ್ನಾಯುವಿಗೆ ಭಾರ ಬೀಳುವ ಕೆಲಸ ಮಾಡಿ. ಜಿಮ್ಮೇ ಆಗಬೇಕಂತಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತು ನೋಡಿ, ತೊಡೆ ತಾನೇ ಹೇಳುತ್ತದೆ. ದಂಡ, ಬಸ್ಕಿ ನಮಗೇನು ಹೊಸದಾ?

"ನಿಲ್ಲಿಸಿದರೆ ಎಷ್ಟು ದಿನಕ್ಕೆ ಹಾಳಾಗುತ್ತದೆ?" ಇದು ಒಳ್ಳೆಯ ಪ್ರಶ್ನೆ. ಆ ಕಸಿ ಮಾಡಿದ ಇಲಿಗಳಲ್ಲಿ 28 ದಿನಕ್ಕೆ ಲಾಭ ಮಾಯವಾಗಿತ್ತು. ಮನುಷ್ಯರ ವಿಷಯ ಬೇಕಾದರೆ, 1966ರಲ್ಲಿ ಡಲ್ಲಾಸಿನಲ್ಲಿ ಐದು ಜನ ಹುಡುಗರನ್ನು ಮೂರು ವಾರ ಹಾಸಿಗೆ ಮೇಲೆ ಮಲಗಿಸಿದರು. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಕರೆದು ಪರೀಕ್ಷೆ ಮಾಡಿದರೆ, ದೇಹ ಆಮ್ಲಜನಕ ಬಳಸುವ ಶಕ್ತಿ ಮೂವತ್ತು ವರ್ಷದ ವಯಸ್ಸಿನಿಂದ ಕಮ್ಮಿಯಾದದ್ದಕ್ಕಿಂತ ಆ ಮೂರು ವಾರದ ಮಲಗುವಿಕೆಯಿಂದ ಜಾಸ್ತಿ ಕಮ್ಮಿಯಾಗಿತ್ತು. ಮದುವೆ ಸೀಸನ್ನಿನಲ್ಲಿ ಒಂದು ತಿಂಗಳು ತಪ್ಪಿತು ಅಂತ ಗಾಬರಿ ಬೇಡ, ಮತ್ತೆ ಶುರು ಮಾಡಿದರೆ ಮತ್ತೆ ಬರುತ್ತದೆ. ಆ ಐದು ಜನಕ್ಕೂ ಐವತ್ತರ ವಯಸ್ಸಿನಲ್ಲಿ ತರಬೇತಿ ಕೊಟ್ಟಾಗ ಶಕ್ತಿ ವಾಪಸ್ ಬಂತು.

ಕೊನೆಯದು ಮೇಡಂ ಅವರದೇ. "ತೂಕ ನೋಡಬೇಡಿ ಅಂದ್ರಿ, ಸರಿ. ಮತ್ತೆ ಏನು ನೋಡಲಿ?" ಮೋರಿಸ್ ನೋಡಿದ್ದನ್ನೇ ನೋಡಿ, ಸೊಂಟ. ಆದರೆ ಪ್ಯಾಂಟಿನ ಸೈಜು ನಂಬಬೇಡಿ, ಗಂಡಸರು ಹೊಟ್ಟೆಯ ಕೆಳಗೆ ಪ್ಯಾಂಟ್ ಇಳಿಸಿಕೊಂಡು ಇಪ್ಪತ್ತು ವರ್ಷದಿಂದ 34 ಅಂತಲೇ ಹೇಳುತ್ತಿರುತ್ತಾರೆ. ಪಕ್ಕೆಲುಬಿನ ಕೊನೆ ಒಂದು ಕಡೆ, ಸೊಂಟದ ಮೂಳೆಯ ತುದಿ ಇನ್ನೊಂದು ಕಡೆ, ಅವೆರಡರ ನಡುಮಧ್ಯದಲ್ಲಿ ಟೇಪು ಸುತ್ತಬೇಕು. ಬಿಗಿಯಬಾರದು. ಉಸಿರು ಹೊರಗೆ ಬಿಟ್ಟ ಮೇಲೆ ಓದಬೇಕು. ನಮ್ಮವರಿಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಒಳಗಿದ್ದರೆ ಸರಿ. ಜೊತೆಗೆ ಮೂರು ತಿಂಗಳ ಸರಾಸರಿ ಶುಗರ್, ಟ್ರೈಗ್ಲಿಸರೈಡ್ಸ್ ಅನ್ನುವ ರಕ್ತದ ಕೊಬ್ಬು, ಬಿ.ಪಿ. ಮೇಡಂ ಅಲ್ಲೇ ಪರ್ಸಿನಿಂದ ಹಳೇ ರಿಪೋರ್ಟು ತೆಗೆದರು. ಆರು ವರ್ಷದ ಹಿಂದೆ ಸರಾಸರಿ ಶುಗರ್ 6.2, ಈಗ 5.8. ಟ್ರೈಗ್ಲಿಸರೈಡ್ಸ್ 190 ಇದ್ದದ್ದು 140. ಅಷ್ಟು ವರ್ಷ ಎರಡೂ ಕಾಗದ ಒಂದೇ ಪರ್ಸಿನಲ್ಲಿ ಇದ್ದವು, ಅವರು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಹಿಂದಿನ ಸಾಲಿನಲ್ಲಿ ಟೈಲರ್ ಒಬ್ಬರು ಕೂತಿದ್ದರು, ಜೇಬಿನಲ್ಲೇ ಟೇಪು. ಭಾಷಣ ಮುಗಿದದ್ದೇ ಅವರ ಸುತ್ತ ಜನ ಸೇರಿಬಿಟ್ಟರು. ಮೊದಲು ನಿಂತವರು ನಮ್ಮ ಬಳಗದ ಹಿರಿಯರು, ಟೇಪು ಮುಟ್ಟುತ್ತಿದ್ದ ಹಾಗೆ ಹೊಟ್ಟೆ ಒಳಗೆ ಎಳೆದುಕೊಂಡು ಎದೆ ಉಬ್ಬಿಸಿದರು.

"ಸಾರ್, ಉಸಿರು ಬಿಡಿ."

"ಬಿಟ್ಟಿದೀನಪ್ಪ."

"ಪೂರ್ತಿ ಬಿಡಿ ಸಾರ್."

ಬಿಟ್ಟರು. 97.